ಮಾಘದ ಒಣಗಾಳಿ, ಕಾಲಿಗೆ ಸುತ್ತುವ ಸೀರೆ

ಫೆಬ್ರವರಿಯ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಇದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಸಾಗರದ ಕಡೆಯಿಂದ ಬಂದ ಬಸ್ಸಿನಿಂದ ಹೆಂಗಸೊಬ್ಬರು ಇಳಿಯುತ್ತಾರೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಬಾಗಿಲ ಕಂಬಿ. ಕೊನೆಯ ಮೆಟ್ಟಿಲಿಂದ ಕಾಲು ಚಾಚುವಾಗ ಜಾರ್ಜೆಟ್ ಸೀರೆಯ ನೆರಿಗೆ ಬಿಚ್ಚಿಕೊಳ್ಳುವುದಿಲ್ಲ. ಮೊಣಕಾಲಿಂದ ಹಿಮ್ಮಡಿಯವರೆಗೆ ಇನ್ನೊಂದು ಚರ್ಮದ ಹಾಗೆ ಅಂಟಿ ಕೂತಿರುತ್ತದೆ. ನೆಲಕ್ಕಿಳಿದವರೇ ಚೀಲ ಕೆಳಗಿಟ್ಟು, ಬಾಗಿ, ನೆರಿಗೆ ಹಿಡಿದು ಎಳೆದು ಬಿಡುತ್ತಾರೆ. ಸರಿಹೋಯಿತು ಅನ್ನಿಸುತ್ತದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ಸುತ್ತಿಕೊಂಡಿರುತ್ತದೆ, ಈ ಸಲ ಮೊದಲಿಗಿಂತ ಬಿಗಿಯಾಗಿ. ಮತ್ತೆ ಬಾಗುತ್ತಾರೆ, ಮತ್ತೆ ಎಳೆಯುತ್ತಾರೆ. ಸುತ್ತ ಜನ ಇರುವಾಗ ಹೀಗೆ ಮೂರು ನಾಲ್ಕು ಸಲ ಬಾಗಿ ಏಳುವುದು ಎಷ್ಟು ಮುಜುಗರದ ಕೆಲಸ ಎಂದು ಅನುಭವಿಸಿದವರಿಗೇ ಗೊತ್ತು. ಅದೇ ಸೀರೆ, ಅದೇ ಒಳಲಂಗ, ಅದೇ ಬಸ್ಸು. ಜುಲೈಯಲ್ಲಿ ಈ ತೊಂದರೆ ಹೆಸರಿಗೂ ಇರಲಿಲ್ಲ.

ಇದಕ್ಕೆ ನಾವು ಸೀರೆಯನ್ನು ಬೈಯುತ್ತೇವೆ, ದರ್ಜಿಯನ್ನು ಬೈಯುತ್ತೇವೆ, ದಪ್ಪಗಾದೆ ಅಂತ ನಮ್ಮನ್ನೇ ಬೈದುಕೊಳ್ಳುತ್ತೇವೆ. ತಪ್ಪು ಅಲ್ಲೆಲ್ಲೂ ಇಲ್ಲ. ಕಾಲಿಗೆ ಅಂಟಿಸುವುದು ತಿಕ್ಕಾಟದಿಂದ ಬಟ್ಟೆಯಲ್ಲಿ ಕೂಡುವ ಸ್ಥಿರ ವಿದ್ಯುತ್ತು; ಅದು ಹರಿದುಹೋಗಲು ಆ ಬಟ್ಟೆಯಲ್ಲಿ ನೀರಿಲ್ಲ, ಅಷ್ಟೆ. ವರ್ಷದಲ್ಲಿ ಐದು ತಿಂಗಳು ಬಟ್ಟೆಯಿಂದ ನೀರು ತೆಗೆಯುವುದಕ್ಕೇ ಬಾಳು ಸವೆಸುವ ಮಲೆನಾಡಿನವರಿಗೆ ಈ ಮಾತು ಬೇಗ ಒಪ್ಪಿಗೆಯಾಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಚಡ್ಡಿ ಬನಿಯನ್ ಒಣಗಿಸಿದವರು, ಬೀರು ತೆಗೆದರೆ ಬೂಷ್ಟಿನ ವಾಸನೆ ಬರುವ ಮನೆಯವರು, ಬಟ್ಟೆಗೆ ನೀರು ಕಡಿಮೆಯಾಯಿತು ಅಂದರೆ ಹೇಗೆ ನಂಬಬೇಕು? ಆದರೆ ಸಂಕ್ರಾಂತಿಯಿಂದ ಯುಗಾದಿವರೆಗಿನ ದಿನಗಳಲ್ಲಿ ಇಲ್ಲಿ ಆಗುವುದು ಅದೇ. ಈ ತೊಂದರೆಗೆ ಜನ ಹೇಳುವ ಹತ್ತಾರು ಉಪಾಯಗಳಲ್ಲಿ ನಿಜವಾಗಿ ಕೆಲಸ ಮಾಡುವವು ಹೆಚ್ಚಾಗಿ ಬಟ್ಟೆಗೆ ನೀರು ಕೊಡುತ್ತವೆ, ಇಲ್ಲವೇ ನೀರನ್ನು ಹಿಡಿದಿಡುವ ಏನನ್ನಾದರೂ ಕೊಡುತ್ತವೆ. ಈ ಒಂದು ಅಂಶ ಗಟ್ಟಿಯಾಗಿ ಹಿಡಿದುಕೊಂಡರೆ ಯಾವ ಉಪಾಯ ಮಾಡಬೇಕು, ಯಾವುದು ಬೇಡ ಎಂದು ನಾವೇ ಆರಿಸಿಕೊಳ್ಳಬಹುದು.

ಬೆಳಿಗ್ಗೆ ಮಂಜು, ಮಧ್ಯಾಹ್ನ ಶಾಕ್

ತೀರ್ಥಹಳ್ಳಿ, ಹೊಸನಗರದ ಕಡೆಯವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಬೆಳಿಗ್ಗೆ ಏಳಕ್ಕೆ ಎದುರಿನ ತೋಟ ಕಾಣದಷ್ಟು ಇಬ್ಬನಿ, ಹುಲ್ಲಿನ ಮೇಲೆ ಕಾಲಿಟ್ಟರೆ ಪಾದ ಒದ್ದೆ. ಗಾಳಿಯಲ್ಲಿ ಪಸೆ ಇಲ್ಲ ಅನ್ನುವುದು ಹೇಗೆ? ಲೆಕ್ಕ ಹಾಕಿ ನೋಡಿ. 16 ಡಿಗ್ರಿಯ ಚಳಿಯಲ್ಲಿ ಒಂದು ಘನ ಮೀಟರ್ ಗಾಳಿ ತನ್ನೊಳಗೆ ಇಟ್ಟುಕೊಳ್ಳಬಲ್ಲ ನೀರಾವಿ ಹೆಚ್ಚೆಂದರೆ 13.6 ಗ್ರಾಂ. ಅಷ್ಟು ತುಂಬಿತೆಂದರೆ ಉಳಿದದ್ದು ಮಂಜಾಗಿ ಕಾಣುತ್ತದೆ. ಅದೇ ಗಾಳಿ ಮಧ್ಯಾಹ್ನ 33 ಡಿಗ್ರಿಗೆ ಕಾದಾಗ ಅದರ ಹೊಟ್ಟೆ ದೊಡ್ಡದಾಗಿರುತ್ತದೆ, 35 ಗ್ರಾಂಗಿಂತ ಹೆಚ್ಚು ಹಿಡಿಸುತ್ತದೆ. ಒಳಗಿರುವುದು ಮಾತ್ರ ಬೆಳಗಿನ 13 ಗ್ರಾಂ ಚಿಲ್ಲರೆಯೇ. ಒಂದು ಹನಿ ನೀರೂ ಎಲ್ಲಿಗೂ ಹೋಗದೆ ಗಾಳಿಯ ತೇವಾಂಶ ಶೇಕಡ 100ರಿಂದ 40ಕ್ಕೂ ಕೆಳಗೆ ಇಳಿಯಿತು. ಇದರ ಮೇಲೆ ಬಯಲುಸೀಮೆಯ ಕಡೆಯಿಂದ ಮೂಡಗಾಳಿ ಬೀಸತೊಡಗಿದರೆ ಇನ್ನೂ ಕೆಳಗೆ. ಶಿಕಾರಿಪುರ, ಶಿವಮೊಗ್ಗದ ಕಡೆ ಇದು ತೀರ್ಥಹಳ್ಳಿಗಿಂತ ಮೊದಲೇ ಕಾಣಿಸಿಕೊಳ್ಳುವುದು ಅದಕ್ಕೇ. ಬಟ್ಟೆಗೆ ಸ್ಥಿರ ವಿದ್ಯುತ್ತಿನ ಕಾಟ ಜೋರಾಗುವುದು ಸುಮಾರು ಈ 40ರ ಗೆರೆ ದಾಟಿ ಕೆಳಗಿಳಿದಾಗ.

ತೇವಾಂಶ ತೋರಿಸುವ ಪುಟ್ಟ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಗೋಡೆಗೆ ತಗುಲಿಸಿದರೆ ಒಳ್ಳೆಯದೇ. ಇಲ್ಲದಿದ್ದರೆ ಮನೆಯೊಳಗೇ ಇರುವ ಅಳತೆಗಳನ್ನು ನೋಡಬಹುದು. ಉಪ್ಪು ಶೇಕಡ 75ರ ಮೇಲಿನ ತೇವದಲ್ಲಿ ನೀರು ಎಳೆದುಕೊಂಡು ಪಸೆಪಸೆಯಾಗುತ್ತದೆ. ಜುಲೈಯಲ್ಲಿ ಉಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುವುದು ಅದರಿಂದ. ಪುಡಿ ಉಪ್ಪು ಮರಳಿನ ಹಾಗೆ ಉದುರತೊಡಗಿತೆಂದರೆ ಗಾಳಿ ಒಣಗಿದೆ. ಅಡಿಕೆ ಬೇಯಿಸಿ ಚಪ್ಪರದ ಮೇಲೆ ಹರಡಿದವರು ‘ಇವತ್ತು ಒಳ್ಳೇ ಗಾಳಿ’ ಅಂದ ದಿನ, ಹೊರಗೆ ಹೋಗುವವರು ಸಿಂಥೆಟಿಕ್ ಸೀರೆ ಉಡುವ ಮುಂಚೆ ಒಂದು ಸಲ ಯೋಚಿಸಬೇಕು. ಅಡಿಕೆಯನ್ನು ಒಣಗಿಸುವ ಗಾಳಿಯೇ ಸೀರೆಯನ್ನು ಕಾಲಿಗೆ ಅಂಟಿಸುವುದು.

ಎಳೆದಷ್ಟೂ ಅಂಟುವುದು ಯಾಕೆ

ಎರಡು ಬೇರೆ ಬೇರೆ ವಸ್ತುಗಳು ಮುಟ್ಟಿ ಬಿಟ್ಟಾಗ ಒಂದರಿಂದ ಇನ್ನೊಂದಕ್ಕೆ ಒಂದಿಷ್ಟು ಎಲೆಕ್ಟ್ರಾನುಗಳು ದಾಟುತ್ತವೆ. ತಿಕ್ಕಿದರೆ ಮುಟ್ಟುವ ಜಾಗ ಹೆಚ್ಚಿ ಇನ್ನಷ್ಟು ದಾಟುತ್ತವೆ. ನಮ್ಮ ಚರ್ಮ, ಕೂದಲು, ನೈಲಾನ್, ಉಣ್ಣೆ ಇವು ಬಿಟ್ಟುಕೊಡುವ ಕಡೆಯವು. ಪಾಲಿಯೆಸ್ಟರ್ ಮತ್ತು ಹೆಚ್ಚಿನ ಪ್ಲಾಸ್ಟಿಕ್‌ಗಳು ಕಿತ್ತುಕೊಳ್ಳುವ ಕಡೆಯವು. ಹತ್ತಿ ಹೆಚ್ಚುಕಮ್ಮಿ ನಡುವೆ. ಕೊಟ್ಟದ್ದಕ್ಕೂ ಕಿತ್ತುಕೊಂಡದ್ದಕ್ಕೂ ವಿರುದ್ಧ ಗುಣ ಬರುವುದರಿಂದ ಅವೆರಡೂ ಒಂದನ್ನೊಂದು ಎಳೆಯುತ್ತವೆ. ಸೀರೆ ಕಾಲನ್ನು ಅಪ್ಪಿಕೊಳ್ಳುತ್ತದೆ. ಬಸ್ ನಿಲ್ದಾಣದ ಆ ಹೆಂಗಸು ನೆರಿಗೆ ಎಳೆದಾಗ ಆಗಿದ್ದು ಇದೇ: ಎಳೆಯುವುದು ಅಂದರೆ ಅಂಟಿದ್ದನ್ನು ಬೇರ್ಪಡಿಸುವುದು, ಬೇರ್ಪಡಿಸಿದಾಗಲೆಲ್ಲ ಹೊಸದಾಗಿ ವಿದ್ಯುತ್ತು ಕೂಡುತ್ತದೆ. ಹಗುರ ಸೀರೆಗೆ ಇನ್ನೊಂದು ಕಷ್ಟ. ಜಾರ್ಜೆಟ್ಟು, ಶಿಫಾನು ತೂಕವೇ ಇಲ್ಲದವು, ಕೆಳಗೆ ಜಗ್ಗುವ ಭಾರವಿಲ್ಲದ್ದರಿಂದ ಸಣ್ಣ ಸೆಳೆತಕ್ಕೂ ಕಾಲಿಗೆ ಬಂದು ಬೀಳುತ್ತವೆ. ಜರಿಯಂಚಿನ ಭಾರದ ಸೀರೆ ತನ್ನ ತೂಕದಿಂದಲೇ ನೇರ ನಿಲ್ಲುತ್ತದೆ.

ವಿದ್ಯುತ್ತು ಹುಟ್ಟುವುದು ಜುಲೈಯಲ್ಲೂ ಉಂಟು. ಆಗ ಅದು ನಿಲ್ಲುವುದಿಲ್ಲ. ಗಾಳಿಯಲ್ಲಿ ಪಸೆ ಇದ್ದಾಗ ಬಟ್ಟೆಯ ಎಳೆಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂತಿರುತ್ತದೆ, ಕೂಡಿದ ವಿದ್ಯುತ್ತು ಆ ಪದರದ ಮೇಲೆ ಹರಿದು ಕರಗಿಹೋಗುತ್ತದೆ. ಎಳೆಗಳು ಎಷ್ಟು ನೀರು ಕುಡಿಯುತ್ತವೆ ಎಂಬುದರ ಮೇಲೆ ಎಲ್ಲ ನಿಂತಿದೆ. ಶೇಕಡ 65 ತೇವದ ಗಾಳಿಯಲ್ಲಿ ನೂರು ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ನೀರು ಇಟ್ಟುಕೊಂಡಿರುತ್ತದೆ. ರೇಷ್ಮೆ ಸುಮಾರು 11 ಗ್ರಾಂ, ರೇಯಾನ್ 13ರ ಆಸುಪಾಸು, ನೈಲಾನ್ 4. ಪಾಲಿಯೆಸ್ಟರ್ ಬರೀ 0.4 ಗ್ರಾಂ. 1941ರಲ್ಲಿ ಇಂಗ್ಲೆಂಡಿನಲ್ಲಿ ಈ ನೂಲು ಹುಟ್ಟಿದಾಗಿನಿಂದ ಅದರ ಹೆಗ್ಗಳಿಕೆಯೇ ನೀರು ಕುಡಿಯದಿರುವುದು. ಮಲೆನಾಡಿನ ಮಳೆಯಲ್ಲಿ ಟೆರಿಲಿನ್ ಎಂಬ ಪಾಲಿಯೆಸ್ಟರಿನ ಅಂಗಿ, ನೈಲಾನ್ ಸೀರೆ ಅಷ್ಟು ಬೇಗ ಮನೆಮನೆಗೆ ಬಂದದ್ದು ಆ ಗುಣಕ್ಕೇ. ಹಿಂಡಿ ಕೊಡವಿದರೆ ಅರ್ಧ ದಿನದಲ್ಲಿ ಒಣಗುವ ಬಟ್ಟೆ ಆಷಾಢದಲ್ಲಿ ವರವೇ ಸರಿ. ಮಾಘದಲ್ಲಿ ಅದೇ ಗುಣ ತಿರುಗಿ ಬೀಳುತ್ತದೆ.

ರೇಷ್ಮೆ, ಉಣ್ಣೆ ಇಷ್ಟೊಂದು ನೀರು ಕುಡಿದರೂ ಆಗಾಗ ಚಟಪಟ ಅನ್ನುತ್ತವಲ್ಲ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಮೇಲಿನ ಅಂಕಿಗಳು 65ರ ತೇವದವು. ಗಾಳಿ 30ಕ್ಕೆ ಇಳಿದರೆ ಎಳೆಯೊಳಗಿನ ನೀರು ಅರ್ಧದಷ್ಟಾಗುತ್ತದೆ, ವಿದ್ಯುತ್ತು ಹರಿಯುವ ದಾರಿ ಮಾತ್ರ ಅರ್ಧಕ್ಕೆ ನಿಲ್ಲದೆ ನೂರಾರು ಪಟ್ಟು ಕಿರಿದಾಗುತ್ತದೆ. ಒಣಗಾಳಿಯಲ್ಲಿ ಪೂರ್ತಿ ನಂಬಬಹುದಾದ ಬಟ್ಟೆ ಅಂತ ಯಾವುದೂ ಇಲ್ಲ; ಇದ್ದುದರಲ್ಲಿ ಹತ್ತಿ ಮತ್ತು ರೇಯಾನ್ ಮೇಲು.

ಒಳಲಂಗದಿಂದ ಶುರು ಮಾಡಿ

ಸೀರೆ ಬದಲಿಸುವ ಮುಂಚೆ ಒಳಲಂಗ ಬದಲಿಸಿ. ಪಾಲಿಯೆಸ್ಟರ್ ಸೀರೆಯ ಕೆಳಗೆ ಸ್ಯಾಟಿನ್ ಪೆಟಿಕೋಟು, ಇಲ್ಲವೇ ಮೈಗೆ ಬಿಗಿಯಾಗಿ ಕೂರುವ ಶೇಪ್‌ವೇರ್ ಹಾಕಿದರೆ ಎರಡು ಕಡೆಯೂ ನೀರಿಲ್ಲದ ಬಟ್ಟೆ, ವಿದ್ಯುತ್ತು ಹರಿದುಹೋಗಲು ದಾರಿಯೇ ಇಲ್ಲ. ಶೇಪ್‌ವೇರ್ ನೈಲಾನಿನದಾಗಿದ್ದರಂತೂ ಕೊಡುವವನೂ ಕಿತ್ತುಕೊಳ್ಳುವವನೂ ಎದುರುಬದುರು ಕೂತ ಹಾಗೆ. ಪಾಲಿಯೆಸ್ಟರ್ ಕುರ್ತಿ, ನೈಲಾನ್ ಲೆಗ್ಗಿನ್ಸ್ ಜೋಡಿಗೂ ಇದೇ ಗತಿ. ಅಲ್ಲಿ ಹತ್ತಿಯ ಲೆಗ್ಗಿನ್ಸ್ ಹಾಕಿದರೆ ಮುಕ್ಕಾಲು ಪಾಲು ತೊಂದರೆ ಹೋಗುತ್ತದೆ. ಸೀರೆಗೆ ಅಪ್ಪಟ ಹತ್ತಿಯ ಪಾಪ್ಲಿನ್ ಲಂಗ, ಸ್ವಲ್ಪ ಅಗಲದ್ದು, ಹಿಮ್ಮಡಿಯಿಂದ ಎರಡು ಬೆರಳು ಮೇಲೆ ನಿಲ್ಲುವಷ್ಟು ಉದ್ದದ್ದು ಬೇಕು. ಲಂಗ ಗಿಡ್ಡವಾದರೆ ಅದರ ಕೆಳಗಿನ ಅರ್ಧ ಗೇಣು ಸೀರೆ ನೇರ ಚರ್ಮಕ್ಕೆ ತಾಗಿ ಅಲ್ಲಿಂದಲೇ ಸುತ್ತಲು ಶುರುಮಾಡುತ್ತದೆ.

ಕಾಟನ್ ಎಂದು ಹೇಳಿ ಮಾರುವ ಲಂಗಗಳಲ್ಲಿ ಪಾಲಿಯೆಸ್ಟರ್ ಬೆರಕೆ ಇರುವುದು ಸಾಮಾನ್ಯ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮನೆಗೆ ತಂದ ಮೇಲೆ ಒಳಹೊಲಿಗೆಯ ಅಂಚಿನಿಂದ, ಹೊಲಿಗೆಯ ದಾರ ಬಿಟ್ಟು, ಬಟ್ಟೆಯದೇ ಒಂದೆರಡು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಗುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿ. ಪಾಲಿಯೆಸ್ಟರ್ ಮೊದಲು ಮುದುಡಿಕೊಂಡು ಕರಗುತ್ತದೆ, ಆರಿದ ಮೇಲೆ ತುದಿಯಲ್ಲಿ ಕಪ್ಪು ಮಣಿಯಂತೆ ಗಟ್ಟಿ ಗಂಟು ಉಳಿಯುತ್ತದೆ. ಬೂದಿಯೂ ಆಗಿ ಗಂಟೂ ಸಿಕ್ಕಿದರೆ ಬೆರಕೆ. ಕರಗಿದ ಪಾಲಿಯೆಸ್ಟರ್ ಬೆರಳಿಗೆ ಅಂಟಿದರೆ ಸುಟ್ಟ ಗಾಯ ಆಳವಾಗುತ್ತದೆ, ಪೂರ್ತಿ ತಣಿಯುವವರೆಗೆ ಮುಟ್ಟಬಾರದು.

ಹತ್ತಿ ಲಂಗಕ್ಕೆ ತೆಳು ಗಂಜಿ ಹಾಕುವ ಹಳೆಯ ರೂಢಿ ಇಲ್ಲಿ ಚೆನ್ನಾಗಿ ಕೂಡಿಬರುತ್ತದೆ. ಗಂಜಿಯ ಪಿಷ್ಟವೂ ನೀರು ಹಿಡಿಯುವ ಪದಾರ್ಥವೇ. ಜೊತೆಗೆ ಲಂಗ ಸ್ವಲ್ಪ ಸೆಟೆದು ನಿಂತು ಕಾಲಿಂದ ದೂರ ಇರುತ್ತದೆ, ತಾಗುವ ಜಾಗ ಕಡಿಮೆಯಾಗುತ್ತದೆ. ಅನ್ನ ಬಸಿದ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಒಂದು ಲೋಟಕ್ಕೆ ನಾಲ್ಕೈದು ಲೋಟ ನೀರು ಸೇರಿಸಿದರೆ ಲಂಗಕ್ಕೆ ಸಾಕು. ದಪ್ಪ ಗಂಜಿ ಹಾಕಿದರೆ ನಡೆಯುವಾಗ ಸರಸರ ಸದ್ದು, ಮೇಲೆ ಬಿಳಿ ಪುಡಿ. ಪಾಲಿಯೆಸ್ಟರ್ ಸೀರೆಗೆ ಗಂಜಿ ಹಾಕಿ ಉಪಯೋಗವಿಲ್ಲ, ಎಳೆ ಅದನ್ನು ಹಿಡಿಯುವುದಿಲ್ಲ.

ರೇಯಾನ್ ಲಂಗ ಹತ್ತಿಗಿಂತ ನುಣುಪು, ನೆರಿಗೆ ಚೆನ್ನಾಗಿ ಇಳಿಬೀಳುತ್ತದೆ, ನೀರೂ ಹೆಚ್ಚು ಹಿಡಿಯುತ್ತದೆ. ಅದು ಸಿಂಥೆಟಿಕ್ ಎಂದು ಬಿಡುವವರಿದ್ದಾರೆ. ರೇಯಾನ್ ಹುಟ್ಟುವುದು ಮರದ ತಿರುಳಿನಿಂದ. ಹರಿಹರದ ಪಕ್ಕ ತುಂಗಭದ್ರೆಯ ದಡದ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೀಲಗಿರಿ ಮರದಿಂದ ತಯಾರಾಗುವುದು ಇದರದೇ ತಿರುಳು. ಒದ್ದೆಯಾದಾಗ ಮಾತ್ರ ರೇಯಾನಿನ ಬಲ ಕುಗ್ಗುತ್ತದೆ, ಕಲ್ಲಿನ ಮೇಲೆ ಬಡಿಯಬಾರದು.

ಸೀರೆಯ ಫಾಲ್ ಬಗ್ಗೆಯೂ ಒಂದು ಮಾತು. ಸಿಂಥೆಟಿಕ್ ಸೀರೆಗೆ ಹತ್ತಿಯ ಫಾಲ್ ಹೊಲಿಸಿದರೆ ಕೆಳ ಅಂಚಿಗೆ ತೂಕ ಬರುತ್ತದೆ, ಪಾದದ ಹತ್ತಿರ ತಾಗುವುದೂ ಹತ್ತಿಯೇ ಆಗುತ್ತದೆ. ಹೊಲಿಯುವ ಮುಂಚೆ ಫಾಲನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಲೇಬೇಕು. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ನೆನೆಸದೆ ಹೊಲಿದ ಫಾಲ್ ಇಡೀ ಅಂಚನ್ನು ಎಳೆದು ಸುಕ್ಕು ಮಾಡಿ ಸೀರೆಯನ್ನೇ ಕೆಡಿಸುತ್ತದೆ.

ಕೊನೆಯ ನೀರು

ಒಗೆಯುವಾಗ ಮಾಡುವ ಉಪಾಯಗಳಲ್ಲಿ ಫ್ಯಾಬ್ರಿಕ್ ಕಂಡೀಷನರ್‌ಗೆ ಸಾಟಿ ಇಲ್ಲ. ಪರಿಮಳಕ್ಕೆಂದು ಕೊಳ್ಳುವವರೇ ಹೆಚ್ಚು, ಅದರ ಅಸಲು ಗುಣ ಬೇರೆ. ಅದರ ಕಣಗಳಿಗೆ ಒಂದು ತುದಿಯಲ್ಲಿ ಧನ ವಿದ್ಯುತ್ತಿರುವುದರಿಂದ ಎಳೆಗಳಿಗೆ ಹಿಡಿದುಕೊಳ್ಳುತ್ತವೆ. ಎಳೆಯ ಮೇಲೆ ತೆಳು ಪದರವಾಗಿ ಕೂತು ತಿಕ್ಕಾಟ ಕಡಿಮೆ ಮಾಡುತ್ತವೆ, ಗಾಳಿಯಲ್ಲಿರುವ ಅಷ್ಟಿಷ್ಟು ತೇವವನ್ನು ಎಳೆದು ಇಟ್ಟುಕೊಳ್ಳುತ್ತವೆ. ತಾನಾಗಿ ನೀರು ಕುಡಿಯದ ಪಾಲಿಯೆಸ್ಟರಿಗೆ ಹೊರಗಿನಿಂದ ನೀರಿನ ಅಂಗಿ ತೊಡಿಸಿದ ಹಾಗೆ.

ಬಳಸುವ ಕ್ರಮದಲ್ಲೇ ಹೆಚ್ಚಿನವರು ಎಡವುವುದು. ಸೋಪಿನ ಪುಡಿಯ ಕಣಗಳಿಗೆ ಇರುವುದು ಋಣ ವಿದ್ಯುತ್ತು. ನೊರೆ ಉಳಿದಿರುವ ನೀರಿಗೆ ಕಂಡೀಷನರ್ ಹಾಕಿದರೆ ಅವೆರಡೂ ಒಂದಕ್ಕೊಂದು ಹಿಡಿದುಕೊಂಡು ಗಸಿಯಾಗುತ್ತವೆ, ಬಟ್ಟೆಯ ಮೇಲೆ ಜಿಡ್ಡಿನ ಕಲೆ ಕೂರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಹಾಗಾಗಿ ಮೊದಲು ನೊರೆ ಪೂರ್ತಿ ಹೋಗುವ ತನಕ ಜಾಲಿಸಬೇಕು, ಸಾಮಾನ್ಯವಾಗಿ ಎರಡು ನೀರು, ಪುಡಿ ಹೆಚ್ಚು ಹಾಕಿದ್ದರೆ ಮೂರು. ಆಮೇಲೆ ಬಕೆಟ್ಟಿನಲ್ಲಿ ಹೊಸ ನೀರು ತೆಗೆದುಕೊಂಡು, ಬಾಟಲಿಯ ಮೇಲೆ ಬರೆದ ಅಳತೆಯಷ್ಟೇ ಕಂಡೀಷನರ್ ಹಾಕಿ ಕೈಯಾಡಿಸಿ, ನಂತರ ಬಟ್ಟೆ ಮುಳುಗಿಸಬೇಕು. ಬಟ್ಟೆಯ ಮೇಲೆ ನೇರ ಸುರಿದರೆ ಬಿದ್ದಲ್ಲಿ ಎಣ್ಣೆಕಲೆ. ಐದು ನಿಮಿಷ ಬಿಟ್ಟು ಮೆತ್ತಗೆ ಹಿಂಡಿ ಹರವಿಬಿಡಿ, ಮತ್ತೆ ಜಾಲಿಸಬಾರದು. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಯಂತ್ರದಲ್ಲಿ ಒಗೆತದ ನೀರು ಬಸಿದು, ಎರಡು ಸಲ ಜಾಲಿಸಿ, ಮೂರನೆಯ ನೀರಿಗೆ ಹಾಕಬೇಕು. ಒಗೆಯುವಾಗಲೇ ಸೋಪಿನ ಪುಡಿಯ ಜೊತೆ ಸುರಿಯುವುದು ದುಡ್ಡು ಚರಂಡಿಗೆ ಹಾಕಿದ ಹಾಗೆ. ಮೈ ಒರೆಸುವ ಟವೆಲ್ಲಿಗೆ ಇದು ಬೇಡ, ನೀರು ಹೀರುವುದು ಕಡಿಮೆಯಾಗುತ್ತದೆ.

ಕಂಡೀಷನರ್ ವಾಸನೆ ಆಗದವರಿಗೆ ಗ್ಲಿಸರಿನ್ ಇದೆ. ಔಷಧಿ ಅಂಗಡಿಯಲ್ಲಿ ಚಿಕ್ಕ ಬಾಟಲಿ ಸಿಗುತ್ತದೆ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ, ಅಂದರೆ ನೂರಕ್ಕೆ ಒಂದು ಪಾಲು. ಸ್ಪ್ರೇ ಬಾಟಲಿಯಲ್ಲಿ ಹಾಕಿ ಕುಲುಕಿ, ಲಂಗದ ಹೊರಮೈಗೂ ಸೀರೆಯ ಒಳಮೈಗೂ ಒಂದು ಅಡಿ ದೂರದಿಂದ ಹದವಾಗಿ ಸಿಂಪಡಿಸಿ, ಹತ್ತು ನಿಮಿಷ ಒಣಗಲು ಬಿಟ್ಟು ಉಟ್ಟುಕೊಳ್ಳಬಹುದು. ನೀರು ಆರಿದರೂ ಗ್ಲಿಸರಿನ್ ಅಲ್ಲೇ ಉಳಿದು ಗಾಳಿಯ ಪಸೆ ಎಳೆಯುತ್ತಿರುತ್ತದೆ. ಚಮಚ ಹೆಚ್ಚಾದರೆ ಬಟ್ಟೆ ಅಂಟಂಟಾಗುತ್ತದೆ. ನಮ್ಮ ಕಡೆಯ ರಸ್ತೆಯ ಕೆಂಪು ಧೂಳು ಅಂಥ ಅಂಟಿಗೆ ಕೂತರೆ ಬಿಳಿ ಸೀರೆಯ ಅಂಚು ಎರಡೇ ದಿನದಲ್ಲಿ ಇಟ್ಟಿಗೆ ಬಣ್ಣ. ರೇಷ್ಮೆಯ ಮೇಲೆ ಸಿಂಪಡಿಸಲೇಬೇಡಿ, ಹನಿ ಬಿದ್ದಲ್ಲಿ ಉಂಗುರದ ಕಲೆ ಉಳಿಯುತ್ತದೆ. ರೇಷ್ಮೆಗೆ ಹತ್ತಿ ಲಂಗವೊಂದೇ ಸಾಕಾದ ಔಷಧ.

ಇನ್ನು ಒಣಗಿಸುವುದು. ಮಳೆಗಾಲದ ಅಭ್ಯಾಸದಿಂದ ನಾವು ಬಿಸಿಲು ಕಂಡರೆ ಬಟ್ಟೆಯನ್ನು ಹಪ್ಪಳದ ಹಾಗೆ ಗರಿಗರಿ ಒಣಗಿಸುತ್ತೇವೆ. ಫೆಬ್ರವರಿಯಲ್ಲಿ ಸಿಂಥೆಟಿಕ್ ಬಟ್ಟೆಗೆ ನೆರಳಲ್ಲಿ ಒಂದೆರಡು ಗಂಟೆ ಸಾಕು. ಹಗ್ಗದಿಂದ ಎಳೆದು ತೆಗೆಯುವಾಗ ಚಟಚಟ ಸದ್ದು ಬಂದರೆ ಹೆಚ್ಚು ಒಣಗಿದೆ ಎಂದೇ ಅರ್ಥ. ರಾತ್ರಿ ಜಗಲಿಯ ಹಗ್ಗದ ಮೇಲೆ ಬಿಟ್ಟು ಬೆಳಿಗ್ಗೆ ಇಬ್ಬನಿ ಇಳಿದ ಮೇಲೆ ಮಡಚಿ. ಹತ್ತಿ, ರೇಷ್ಮೆಗೆ ಇದು ಬಹಳ ಒಳ್ಳೆಯದು. ಪಾಲಿಯೆಸ್ಟರಿಗೆ ಈ ಲಾಭ ಬೆಳಗಿನ ಹೊತ್ತಿಗಷ್ಟೇ, ಅದರ ಮೇಲ್ಮೈಯ ಪಸೆ ಬಿಸಿಲೇರುತ್ತಲೇ ಹಾರಿಹೋಗುತ್ತದೆ. ಎಂಟು ಗಂಟೆಗೆ ಚೆನ್ನಾಗಿದ್ದ ಸೀರೆ ಹನ್ನೆರಡಕ್ಕೆ ಕಾಲು ಹಿಡಿಯುವುದು ಇದರಿಂದಲೇ. ಇಸ್ತ್ರಿಯೂ ಹಾಗೆ. ಕಾದ ಇಸ್ತ್ರಿ ಒಣ ಪಾಲಿಯೆಸ್ಟರಿನ ಮೇಲೆ ಓಡಿದರೆ ಇದ್ದ ತೇವವೂ ಹೋಗಿ, ಉಜ್ಜಾಟವೂ ಸೇರಿ, ಟೇಬಲ್ಲಿನ ಮೇಲೇ ಬಟ್ಟೆ ಕೈಗೆ ಹಾರುತ್ತದೆ. ನೀರು ಚಿಮುಕಿಸಿ, ಕಡಿಮೆ ಕಾವಿನಲ್ಲಿ, ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ ಉಜ್ಜಿ. ಹಂಡೆ ಒಲೆಯ ಬಚ್ಚಲಿದ್ದವರು ಸ್ನಾನ ಮುಗಿದ ಮೇಲೆ ಆ ಹಬೆಯಲ್ಲಿ ಸೀರೆಯನ್ನು ಹದಿನೈದು ನಿಮಿಷ ತೂಗುಹಾಕಬಹುದು. ಬೆಂಕಿ ಪೂರ್ತಿ ಆರಿ ಕೆಂಡವಾಗಿರಬೇಕು, ಇಲ್ಲದಿದ್ದರೆ ದಿನವಿಡೀ ಹೊಗೆ ವಾಸನೆ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ

ಮನೆಯಲ್ಲಿ ಇಷ್ಟೆಲ್ಲ ಮಾಡಬಹುದು. ಬಸ್ ನಿಲ್ದಾಣದಲ್ಲಿ ನಿಂತವರ ಕೈಯಲ್ಲಿ ಇರುವುದು ಒಂದು ನೀರಿನ ಬಾಟಲಿ. ಅದೇ ಸಾಕು. ಅಂಗೈ ಒದ್ದೆ ಮಾಡಿಕೊಂಡು, ಹನಿ ತೊಟ್ಟಿಕ್ಕದಂತೆ ಕೊಡವಿ, ಸೀರೆ ಮತ್ತು ಲಂಗದ ನಡುವೆ ಕೈ ಹಾಕಿ ಮೊಣಕಾಲಿಂದ ಕೆಳ ಅಂಚಿನವರೆಗೆ ಒಂದು ಸಲ ನೇವರಿಸಿ ಬಿಡಿ. ಎಳೆಯಬೇಡಿ, ನೇವರಿಸಿ ಸಾಕು. ಮುಂದಿನ ನೆರಿಗೆಗೆ ಒಮ್ಮೆ, ಹಿಂದಕ್ಕೆ ಒಮ್ಮೆ. ಆ ತೇವ ಆರುವ ತನಕ ತೊಂದರೆ ಇರುವುದಿಲ್ಲ, ಅಷ್ಟರಲ್ಲಿ ಆಟೋ ಹಿಡಿದು ಹೋಗಬೇಕಾದಲ್ಲಿಗೆ ಹೋಗಿರುತ್ತೀರಿ. ಕೈಗೆ ಹಚ್ಚುವ ಲೋಷನ್ ಇದ್ದರೆ ಕಡಲೆಕಾಳಿನಷ್ಟು ತೆಗೆದುಕೊಂಡು ಎರಡೂ ಅಂಗೈಗೆ ಚೆನ್ನಾಗಿ ಸವರಿ ಹಾಗೆಯೇ ಮಾಡಿದರೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ ಬರುವುದೂ ಸರಿಯಾಗಿ ಈ ಒಣ ದಿನಗಳಲ್ಲೇ. ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದವರು ಒದ್ದೆ ಕರವಸ್ತ್ರವೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡರೆ ನೆಮ್ಮದಿ.

ಲಂಗದ ಒಳಹೊಲಿಗೆಗೆ ಸೇಫ್ಟಿ ಪಿನ್ ಚುಚ್ಚಿಕೊಳ್ಳುವ ಉಪಾಯ ಎಲ್ಲರ ಬಾಯಲ್ಲೂ ಇದೆ. ಲೋಹದ ಚೂಪಾದ ತುದಿಗಳಿಂದ ವಿದ್ಯುತ್ತು ಗಾಳಿಗೆ ಸೋರುತ್ತದೆ, ಅದು ನಿಜ. ಆದರೆ ಪಾಲಿಯೆಸ್ಟರಿನಲ್ಲಿ ಕೂತ ವಿದ್ಯುತ್ತು ಹರಿದು ಪಿನ್ನಿನ ಹತ್ತಿರ ಬರುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ಹಾಗಾಗಿ ಪಿನ್ನಿನ ಸುತ್ತಲಿನ ಒಂದಷ್ಟು ಜಾಗಕ್ಕಷ್ಟೇ ಉಪಕಾರ. ತಂತಿಯ ಹ್ಯಾಂಗರನ್ನು ಸೀರೆಯ ಒಳಮೈಗೆ ತಾಗಿಸಿ ಮೇಲಿಂದ ಕೆಳಗೆ ಎಳೆದರೆ ಅದಕ್ಕಿಂತ ವಾಸಿ, ಲೋಹ ಇಡೀ ಬಟ್ಟೆಯನ್ನು ಮುಟ್ಟಿಕೊಂಡು ಬರುತ್ತದೆ. ಪೌಡರ್ ಬಳಿದರೆ ಜಾರುವುದು ಹೆಚ್ಚುತ್ತದೆ, ವಿದ್ಯುತ್ತು ಹರಿದುಹೋಗಲು ಅದು ದಾರಿ ಕೊಡುವುದಿಲ್ಲ.

ಕಾಲಿನ ಚರ್ಮವನ್ನು ಮರೆಯುವವರೇ ಹೆಚ್ಚು. ಚಳಿಗೆ ಒಡೆದು ಬಿಳಿಚಿಕೊಂಡ ಕಾಲು ಒಣ ಬಟ್ಟೆಯಷ್ಟೇ ಕೆಟ್ಟದ್ದು. ನಮ್ಮಲ್ಲಿ ಹಿಮ್ಮಡಿ ಒಡೆತಕ್ಕೆ ಹಚ್ಚುವ ಮುರುಗಲ ತುಪ್ಪ ಇದಕ್ಕೂ ಆಗುತ್ತದೆ, ಕೊಬ್ಬರಿ ಎಣ್ಣೆಯೂ ಆದೀತು. ತುಪ್ಪದಲ್ಲಾಗಲಿ ಎಣ್ಣೆಯಲ್ಲಾಗಲಿ ವಿದ್ಯುತ್ತು ಹರಿಯುವುದಿಲ್ಲ. ಅವು ಮಾಡುವುದು ಚರ್ಮದೊಳಗಿನ ನೀರು ಆರದಂತೆ ಮುಚ್ಚಿಡುವ ಕೆಲಸ. ಸ್ನಾನವಾಗಿ ಮೈ ಇನ್ನೂ ಹಸಿಯಾಗಿರುವಾಗಲೇ ಹಚ್ಚಬೇಕೆನ್ನುವುದು ಅದಕ್ಕೆ. ಒಣ ಕಾಲಿಗೆ ಮಧ್ಯಾಹ್ನ ಹಚ್ಚಿದರೆ ಪ್ರಯೋಜನ ಕಡಿಮೆ. ಮುರುಗಲ ತುಪ್ಪ ಗಟ್ಟಿ ಇರುತ್ತದೆ, ಅಂಗೈಯಲ್ಲಿ ಉಜ್ಜಿ ಕರಗಿಸಿ ಹಚ್ಚಿ, ಸೀರೆ ಉಡುವ ಮುಂಚೆ ಹತ್ತು ನಿಮಿಷ ಬಿಡಿ, ಇಲ್ಲದಿದ್ದರೆ ಲಂಗಕ್ಕೆ ಕಲೆ.

ಕತ್ತಲಲ್ಲಿ ಕಾಣುವ ಕಿಡಿ

ಜನವರಿಯ ರಾತ್ರಿ, ಕರೆಂಟು ಹೋದ ಹೊತ್ತು. ಮಕ್ಕಳು ಅಕ್ರಿಲಿಕ್ ಸ್ವೆಟರನ್ನು ತಲೆಯ ಮೇಲಿಂದ ತೆಗೆಯುವಾಗ, ರೋಮದ ಮಿಂಕ್ ರಗ್ಗನ್ನು ಝಾಡಿಸುವಾಗ, ಒಳಗೆ ನೀಲಿ ಕಿಡಿಗಳು ಸಾಲಾಗಿ ಚಟಚಟ ಹೊತ್ತಿ ಆರುತ್ತವೆ. ಮಕ್ಕಳಿಗೆ ಅದೊಂದು ಹಬ್ಬ, ಬೇಕೆಂದೇ ಮತ್ತೆ ಮತ್ತೆ ಹೊದ್ದು ತೆಗೆಯುತ್ತಾರೆ. ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎಂದು ಎಳನೀರು ಕುಡಿಸುವ ಹಿರಿಯರೂ ಇದ್ದಾರೆ. ಮೈಯ ಉಷ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಟ್ಟೆ ಬೇರ್ಪಟ್ಟ ಕೂಡಲೇ ಎರಡರ ನಡುವೆ ಸಾವಿರಾರು ವೋಲ್ಟ್ ನಿಂತು, ಗಾಳಿ ತಡೆಯಲಾರದೆ ಸೀಳಿದಾಗ ಕಾಣುವ ಬೆಳಕು ಅದು. ಒಂದು ಸೆಂಟಿಮೀಟರ್ ಗಾಳಿಯನ್ನು ಸೀಳಲು ಸುಮಾರು 30,000 ವೋಲ್ಟ್ ಬೇಕು, ಒಂದು ಮಿಲಿಮೀಟರಿಗೆ ಅದರ ಹತ್ತನೇ ಒಂದು ಪಾಲು. ಕೈಗೆ ಚುರುಕ್ ಎಂದು ಗೊತ್ತಾಗಬೇಕಾದರೇ ಸುಮಾರು 3,000 ವೋಲ್ಟ್ ಇರಬೇಕು. ಇಷ್ಟು ವೋಲ್ಟ್ ಇದ್ದರೂ ಹರಿಯುವ ವಿದ್ಯುತ್ತು ಕಣ್ಣು ಮಿಟುಕಿಸುವುದರೊಳಗೆ ಮುಗಿಯುವಷ್ಟು ಅಲ್ಪ, ಮಕ್ಕಳಿಗೆ ಅಪಾಯವಿಲ್ಲ.

ಕಾರಿನ ಬಾಗಿಲು ಮುಟ್ಟಿದಾಗ ಹೊಡೆಯುವ ಶಾಕ್ ತಪ್ಪಿಸಲು ಸುಲಭದ ದಾರಿ: ಸೀಟಿಂದ ಏಳುವ ಮುಂಚೆಯೇ ಬಾಗಿಲ ಲೋಹದ ಭಾಗ ಹಿಡಿದುಕೊಂಡು, ಕಾಲು ನೆಲಕ್ಕೆ ತಾಗುವವರೆಗೆ ಬಿಡದೆ ಇಳಿಯಿರಿ. ಮರೆತು ಇಳಿದುಬಿಟ್ಟರೆ ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದು ಅದರ ತುದಿಯಿಂದ ಮೊದಲು ಬಾಗಿಲನ್ನು ಮುಟ್ಟಿ, ಕಿಡಿ ಲೋಹದ ತುದಿಗೆ ಹೊಡೆಯುತ್ತದೆ, ಬೆರಳಿಗೆ ನೋವಾಗುವುದಿಲ್ಲ. ಗಾರೆ ನೆಲದ ಮೇಲೆ, ಅಂಗಳದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಮೈಯ ವಿದ್ಯುತ್ತು ತಾನಾಗಿ ಭೂಮಿಗೆ ಇಳಿಯುತ್ತದೆ. ರಬ್ಬರ್ ಚಪ್ಪಲಿ ಅದನ್ನು ತಡೆಯುತ್ತದೆ. ಹಾಗಂತ ಬರಿಗಾಲಲ್ಲಿ ನಿಂತರೆ ಸೀರೆ ಬಿಡುತ್ತದೆ ಎಂದುಕೊಳ್ಳಬೇಡಿ. ಮೈಯಲ್ಲಿದ್ದದ್ದು ಇಳಿಯುತ್ತದೆ, ಬಟ್ಟೆಯಲ್ಲಿದ್ದದ್ದು ಅಲ್ಲೇ ಇರುತ್ತದೆ.

ಒಂದು ಕಡೆ ಮಾತ್ರ ಈ ಕಿಡಿಯನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು. ಗ್ರೀಸು, ಡಾಂಬರಿನ ಕಲೆ ತೆಗೆಯಲು ಪೆಟ್ರೋಲ್ ಹಾಕಿ ಬಟ್ಟೆ ಉಜ್ಜುವ ರೂಢಿ ಇನ್ನೂ ಉಳಿದಿದೆ. ಪೆಟ್ರೋಲಿನ ಆವಿ ಹೊತ್ತಿಕೊಳ್ಳಲು ಒಂದು ಮಿಲಿಜೂಲಿನ ಕಾಲು ಭಾಗದಷ್ಟು ಶಕ್ತಿ ಸಾಕು, ಕೈಗೆ ಚುರುಕ್ ಅನ್ನಿಸುವ ಕಿಡಿಯಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಒಣ ಮಧ್ಯಾಹ್ನ, ಪಾಲಿಯೆಸ್ಟರ್ ಪ್ಯಾಂಟು, ಪೆಟ್ರೋಲು, ಜೋರಾಗಿ ಉಜ್ಜಾಟ: ಬೆಂಕಿಗೆ ಬೇಕಾದದ್ದೆಲ್ಲ ಅಲ್ಲೇ ಇದೆ, ಕಡ್ಡಿ ಗೀರುವವರೇ ಬೇಕಿಲ್ಲ. ದಯವಿಟ್ಟು ಮಾಡಬೇಡಿ. ಗ್ರೀಸಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಅರ್ಧ ಗಂಟೆ ಬಿಟ್ಟು ಬಿಸಿನೀರಲ್ಲಿ ತೊಳೆಯಿರಿ. ಡಾಂಬರಿಗೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗಾಗಿಸಿ, ಒರೆಸಿ ತೆಗೆದು, ಆಮೇಲೆ ಅದೇ ಲಿಕ್ವಿಡ್. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ ಮಾಡಿ.

ರೋಹಿಣಿ ಮಳೆಗೆ ಮುನ್ನ

ಮೇ ತಿಂಗಳ ಅಡ್ಡಮಳೆಗಳು ಬಿದ್ದು ಉಪ್ಪಿನ ಭರಣಿ ಮತ್ತೆ ಪಸೆಯಾಗತೊಡಗಿದ ಮೇಲೆ ಸೀರೆ ಸುತ್ತಿಕೊಳ್ಳುವುದು ತಾನಾಗಿ ನಿಲ್ಲುತ್ತದೆ. ಆಗ ಹೆಚ್ಚಿನವರು ಮಾಡದೆ ಬಿಡುವ ಕೆಲಸವೊಂದಿದೆ. ಒಣ ದಿನಗಳಲ್ಲಿ ನೀರು ಹಿಡಿಯಲೆಂದು ಹಾಕಿದ ಗಂಜಿ, ಗ್ಲಿಸರಿನ್, ಕಂಡೀಷನರ್ ಎಲ್ಲ ಬಟ್ಟೆಯಲ್ಲೇ ಉಳಿದಿರುತ್ತವೆ. ಫೆಬ್ರವರಿಯಲ್ಲಿ ನೀರು ಎಳೆದ ಹಾಗೆ ಜುಲೈಯಲ್ಲೂ ಎಳೆಯುತ್ತವೆ, ಆಗ ಎಳೆಯಲು ನೀರು ಬೇಕಾದಷ್ಟಿರುತ್ತದೆ. ಗಂಜಿಯಂತೂ ಬೂಷ್ಟಿಗೆ ಊಟ ಬಡಿಸಿದ ಹಾಗೆ. ಗಂಜಿ ಹಾಕಿದ ಲಂಗವನ್ನು ಹಾಗೆಯೇ ಮಡಚಿ ಟ್ರಂಕಿನಲ್ಲಿಟ್ಟರೆ ಆಶ್ಲೇಷ ಮಳೆಯ ಹೊತ್ತಿಗೆ ಮಡಿಕೆಯ ಗುಂಟ ಕಪ್ಪು ಚುಕ್ಕಿ ಎದ್ದಿರುತ್ತವೆ, ಅವು ಯಾವ ಸೋಪಿಗೂ ಪೂರ್ತಿ ಹೋಗುವುದಿಲ್ಲ. ಮೇ 25ರ ಸುಮಾರಿಗೆ ರೋಹಿಣಿ ಮಳೆ ಹುಟ್ಟುವ ಮುಂಚೆ ಒಂದು ಒಳ್ಳೆಯ ಬಿಸಿಲಿನ ದಿನ ನೋಡಿ, ಹತ್ತಿ ಲಂಗಗಳನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಗಂಜಿ ಬಿಡಿಸಿ, ಸಿಂಥೆಟಿಕ್ ಸೀರೆಗಳನ್ನು ಕಂಡೀಷನರ್ ಹಾಕದೆ ಬರೀ ಸೋಪಿನಲ್ಲಿ ಒಗೆದು, ಎರಡು ನೀರು ಜಾಲಿಸಿ. ಆ ದಿನ ಮಾತ್ರ ಗರಿಗರಿಯಾಗುವ ತನಕ ಬಿಸಿಲಲ್ಲೇ ಬಿಡಿ. ಒಳಗೆ ತಂದು, ಬಿಸಿ ಆರಿದ ಮೇಲೆ ಮಡಚಿ, ಟ್ರಂಕಿಗೆ ಹಾಕಿ ಮುಚ್ಚಳ ಮುಚ್ಚಿ.